ಅಪ್ಪಣೆಯಿಲ್ಲದ ಸುಂಕ

ಮೈಸೂರಿನ ನಮ್ಮ ಬೀದಿಗೆ ಪ್ರತಿ ಸಂಜೆ ಹೂವಾಡಗಿತ್ತಿಯೊಬ್ಬಳು ಬರುತ್ತಾಳೆ. ಒಂದು ಬಿದಿರಿನ ಬುಟ್ಟಿ, ಅದರ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಕೆಳಗೆ ಮಲ್ಲಿಗೆಯ ಮಾಲೆ. ಇಷ್ಟೇ ಆಕೆಯ ಅಂಗಡಿ. ಕರೆದವರ ಮನೆಯ ಜಗುಲಿಯ ಮೇಲೆ ಬುಟ್ಟಿಯನ್ನಿಳಿಸಿ, ಮೊದಲು ಮೊಳಕ್ಕೆ ಇಷ್ಟು ಎಂದು ಬೆಲೆ ಹೇಳುತ್ತಾಳೆ. ಕೊಳ್ಳುವವರು ಒಪ್ಪಿದ ಬಳಿಕವೇ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆಯುತ್ತಾಳೆ. ಅಳತೆ ಮುಗಿದ ಮೇಲೆ ನಾಲ್ಕು ಬೆರಳಿನಷ್ಟು ಹೂವನ್ನು ಹೆಚ್ಚಾಗಿ ಬಿಟ್ಟು ಕತ್ತರಿಸುತ್ತಾಳೆ. ಇದಕ್ಕೆ ನಮ್ಮ ಜನ ‘ಕೊಸರು’ ಎನ್ನುತ್ತಾರೆ.

ಯಾವ ನೀತಿಗ್ರಂಥವನ್ನೂ ಓದದ ಆಕೆಯ ವ್ಯಾಪಾರದಲ್ಲಿ ಮೂರು ಧರ್ಮಗಳಿವೆ. ಬೆಲೆಯನ್ನು ಮುಂಚಿತವಾಗಿ ಹೇಳುವುದು ಮೊದಲನೆಯದು. ಕೊಳ್ಳುವವರ ಒಪ್ಪಿಗೆಯನ್ನು ಪಡೆಯುವುದು ಎರಡನೆಯದು. ಅಳತೆಯಲ್ಲಿ ಮೋಸಮಾಡದಿರುವುದು ಮೂರನೆಯದು. ಈ ಮೂರೂ ವ್ಯಾಪಾರಿಯ ಕರ್ತವ್ಯಗಳು. ಕೊಸರು ಮಾತ್ರ ಕರ್ತವ್ಯವಲ್ಲ, ಅದು ಔದಾರ್ಯ. ದೊಡ್ಡ ವ್ಯಾಪಾರಗಳೂ ಇದೇ ಧರ್ಮಕ್ಕೆ ಕಟ್ಟುಬಿದ್ದಿರಬೇಕಲ್ಲವೆ? ಬುಟ್ಟಿ ದೊಡ್ಡದಾದ ಮಾತ್ರಕ್ಕೆ ಧರ್ಮ ಬೇರೆಯಾಗಲಾರದು. ಆದರೆ ಲೋಕದಲ್ಲಿ ನಡೆಯುತ್ತಿರುವುದು ಹಾಗಲ್ಲ ಎಂಬುದನ್ನು ನನಗೆ ತಿಳಿಸಿಕೊಟ್ಟವಳೂ ಇದೇ ಹೂವಾಡಗಿತ್ತಿ.

ಅದು 2011ರ ಬೇಸಿಗೆ. ಒಂದು ಸಂಜೆ ಆಕೆ ಹೂವನ್ನು ಅಳೆಯುವ ಮೊದಲೇ ಸೆರಗಿನ ಗಂಟಿನಿಂದ ಒಂದು ಸಣ್ಣ ಮೊಬೈಲನ್ನು ತೆಗೆದು ನನ್ನ ಕೈಗಿತ್ತಳು.

“ಮೇಷ್ಟ್ರೇ, ಇದನ್ನು ಸ್ವಲ್ಪ ನೋಡಿ. ಮೊನ್ನೆ ತಾನೇ ಐವತ್ತು ರೂಪಾಯಿ ಹಾಕಿಸಿದೆ. ಮಗಳ ಹತ್ತಿರ ಎರಡು ಸಲ ಮಾತಾಡಿದ್ದೆನೋ ಇಲ್ಲವೋ, ಆಗಲೇ ಮುಗಿಯುತ್ತಾ ಬಂತು ಅಂತ ಅಂಗಡಿ ಹುಡುಗ ಹೇಳುತ್ತಾನೆ. ನನ್ನ ದುಡ್ಡು ಎಲ್ಲಿ ಹೋಯಿತು?”

ನಾನು ಅದರಲ್ಲಿದ್ದ ಸಂದೇಶಗಳನ್ನು ಒಂದೊಂದಾಗಿ ಓದಿದೆ. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ತೆರಿಗೆ ಮತ್ತಿತರ ಶುಲ್ಕ ಕಳೆದು ಆಕೆಯ ಲೆಕ್ಕಕ್ಕೆ ಸೇರಿದ್ದ ಹಣ ಐವತ್ತಕ್ಕಿಂತ ಕಡಮೆಯೇ ಇತ್ತು. ಅದರಲ್ಲಿಯೂ 30 ರೂಪಾಯಿಯನ್ನು ಒಂದು ಹಾಡಿನ ಸೇವೆಗಾಗಿ ತಿಂಗಳ ಬಾಬ್ತು ಮುರಿದುಕೊಂಡಿರುವುದಾಗಿ ಒಂದು ಸಂದೇಶ ಹೇಳುತ್ತಿತ್ತು. ಆಕೆಗೆ ಯಾರಾದರೂ ಕರೆಮಾಡಿದರೆ, ಆಕೆ ಎತ್ತುವ ತನಕ ಅವರ ಕಿವಿಗೆ ಚಲನಚಿತ್ರದ ಹಾಡೊಂದು ಕೇಳಿಸುವ ಏರ್ಪಾಡು ಅದು.

ವಿಷಯವನ್ನು ವಿವರಿಸಿದಾಗ ಆಕೆ ಕಣ್ಣರಳಿಸಿ ಕೇಳಿದಳು: “ಹಾಡು ಕೇಳಿಸುವುದು ಅವರಿಗೆ, ನನಗಲ್ಲ. ಅದಕ್ಕೆ ನಾನು ಯಾಕೆ ದುಡ್ಡು ಕೊಡಬೇಕು? ಹಾಡು ಬೇಕು ಅಂತ ನಾನು ಯಾರನ್ನೂ ಕೇಳಲಿಲ್ಲವಲ್ಲ!”

ಆಕೆಯ ಪರವಾಗಿ ನಾನು ಗ್ರಾಹಕ ಸೇವಾಕೇಂದ್ರಕ್ಕೆ ಕರೆಮಾಡಿದೆ. ಕನ್ನಡಕ್ಕೆ ಒಂದು ಅಂಕಿ, ದೂರಿಗೆ ಇನ್ನೊಂದು ಅಂಕಿ ಒತ್ತಬೇಕೆಂದು ಯಂತ್ರದ ದನಿ ಹೇಳಿತು. ಒತ್ತಿದ್ದಾಯಿತು, ಸಂಗೀತವನ್ನು ಕೇಳುತ್ತ ಬಹಳ ಹೊತ್ತು ಕಾದದ್ದೂ ಆಯಿತು. ಕೊನೆಗೆ ಮಾತಿಗೆ ಸಿಕ್ಕ ತರುಣ ವಿನಯವಂತ. ಈ ಸಂಖ್ಯೆಯಿಂದಲೇ ನಕ್ಷತ್ರದ ಗುಂಡಿಯನ್ನು ಒತ್ತಿ ಸೇವೆಯನ್ನು ಕೋರಲಾಗಿದೆ ಎಂದು ಅವನ ಮುಂದಿದ್ದ ದಾಖಲೆ ಹೇಳುತ್ತಿತ್ತು. ಮಗಳ ಸಂಖ್ಯೆಗೆ ಕರೆಮಾಡಿದಾಗ ಅಲ್ಲಿ ಕೇಳಿಸುತ್ತಿದ್ದ ಹಾಡಿನ ನಡುವೆ, ಇದೇ ಹಾಡು ನಿಮಗೂ ಬೇಕಾದರೆ ನಕ್ಷತ್ರವನ್ನು ಒತ್ತಿ ಎಂದು ಒಂದು ಧ್ವನಿ ಹೇಳುತ್ತಿತ್ತಂತೆ. ಆಕೆ ತಿಳಿಯದೆ ಒತ್ತಿದಳೋ, ಹೂ ಕಟ್ಟುವ ಬೆರಳು ತಾನಾಗಿ ತಗುಲಿತೋ, ಬಲ್ಲವರಾರು? ಸೇವೆಯನ್ನು ನಿಲ್ಲಿಸಲು ತರುಣ ಒಪ್ಪಿದ. ಕಡಿದ ಹಣವನ್ನು ಮರಳಿಸಲು ಮಾತ್ರ ನಿಯಮದಲ್ಲಿ ಅವಕಾಶವಿಲ್ಲ ಎಂದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯ ಅರ್ಥ ಅಂದು ನನಗೆ ಚೆನ್ನಾಗಿ ಮನವರಿಕೆಯಾಯಿತು.

ಕೇವಲ 30 ರೂಪಾಯಿಗಾಗಿ ಇಷ್ಟು ಮಾತೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮೊತ್ತವು ಸಣ್ಣದಾಗಿರುವುದರಲ್ಲಿಯೇ ಈ ಪದ್ಧತಿಯ ಬಲವೆಲ್ಲ ಅಡಗಿದೆ. ಮನೆಯಿಂದ ಒಂದು ಚಿನ್ನದ ಸರ ಕಳುವಾದರೆ ನಾವು ಪೊಲೀಸರಲ್ಲಿಗೆ ಓಡುತ್ತೇವೆ. 30 ರೂಪಾಯಿ ಹೋದರೆ ಒಂದು ದಿನ ಗೊಣಗಿ ಮರೆಯುತ್ತೇವೆ. ಅದನ್ನು ಮರಳಿ ಪಡೆಯಲು ವ್ಯಯವಾಗುವ ಹೊತ್ತಿನ ಬೆಲೆ ಅದಕ್ಕಿಂತ ಹೆಚ್ಚು ಎಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುತ್ತೇವೆ. ಹಣ ಕಡಿದವರಿಗೂ ಈ ಲೆಕ್ಕ ಗೊತ್ತು. ಹತ್ತು ಲಕ್ಷ ಗ್ರಾಹಕರಿಂದ ತಲೆಗೆ 30 ರೂಪಾಯಿಯಂತೆ ಕಡಿದರೆ ಮೂರು ಕೋಟಿ ರೂಪಾಯಿ. ಕಳೆದುಕೊಂಡವರ ಕಡೆ ನೋಡಿದರೆ ಹನಿ. ಪಡೆದವರ ಕಡೆ ನೋಡಿದರೆ ಹಳ್ಳ. ನಮ್ಮ ದೇಶದಲ್ಲಿ ಇಂದು ನೂರು ಕೋಟಿಗೂ ಮಿಕ್ಕ ಮೊಬೈಲ್ ಸಂಪರ್ಕಗಳಿವೆ. ಅಂಥಲ್ಲಿ ಒಂದೊಂದು ರೂಪಾಯಿಯೂ ಸಣ್ಣದಲ್ಲ.

ಇನ್ನು ಆ ಹನಿಯಾದರೂ ಎಲ್ಲರಿಗೂ ಒಂದೇ ಅಳತೆಯದಲ್ಲ. ಸಂಬಳ ಪಡೆಯುವವನಿಗೆ 30 ರೂಪಾಯಿ ಒಂದು ಹೊತ್ತಿನ ಕಾಫಿ ತಿಂಡಿಯ ಮಾತು. ಬೆಳಗಿನ ಜಾವ ಎದ್ದು ಮಾರುಕಟ್ಟೆಗೆ ಹೋಗಿ ಹೂ ತಂದು, ಮಧ್ಯಾಹ್ನವೆಲ್ಲ ಕಟ್ಟಿ, ಸಂಜೆ ಬೀದಿ ಬೀದಿ ಅಲೆಯುವವಳಿಗೆ ಅದು ಎಷ್ಟೋ ಮೊಳದ ಲಾಭ. ತಾನು ಬೇರೆಯವರಿಗೆ ಕೊಸರು ಬಿಟ್ಟು ಉಳಿಸಿಕೊಂಡ ಲಾಭವನ್ನು ಬೇರೊಬ್ಬರು ಕೇಳದೆ ಕತ್ತರಿಸಿಕೊಂಡರೆ ಆಕೆಯ ಮನಸ್ಸಿಗೆ ಆಗುವ ನೋವನ್ನು ನಾವು ಊಹಿಸಿಕೊಳ್ಳಬೇಕು.

ಹೀಗೆಂದ ಮಾತ್ರಕ್ಕೆ ಮೊಬೈಲು ಕೆಟ್ಟದೆಂದಾಗಲಿ, ಅದನ್ನು ನಡೆಸುವವರೆಲ್ಲ ವಂಚಕರೆಂದಾಗಲಿ ನಾನು ಹೇಳುತ್ತಿಲ್ಲ. ಮನೆಗೊಂದು ದೂರವಾಣಿ ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ತಲೆಮಾರು ನಮ್ಮದು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಅದು ಭಾರತದ ಮೊದಲ ಮೊಬೈಲ್ ಸಂಭಾಷಣೆ. ಅಂದು ಕರೆಯ ದರ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಕರೆಮಾಡಿದವರಷ್ಟೇ ಅಲ್ಲದೆ, ಕರೆಯನ್ನು ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. 2003ರ ಮೇ ತಿಂಗಳಿನಿಂದ ಸ್ವೀಕರಿಸಿದವರ ಮೇಲಿನ ಹೊರೆ ತಪ್ಪಿತು. ಕಂಪನಿಗಳ ನಡುವಣ ಪೈಪೋಟಿಯಿಂದ ದರಗಳು ಇಳಿದವು. ಗಾರೆ ಕೆಲಸದವರು, ಕುರಿ ಕಾಯುವವರು, ತರಕಾರಿ ಮಾರುವವರು, ಎಲ್ಲರ ಕೈಗೂ ಮೊಬೈಲು ಬಂತು. ಇದು ನಮ್ಮ ಕಾಲದ ದೊಡ್ಡ ಸಾಧನೆಗಳಲ್ಲೊಂದು ಎಂಬುದರಲ್ಲಿ ಸಂದೇಹವಿಲ್ಲ. ಎಲ್ಲರ ಕೈಗೂ ಬಂದ ವಸ್ತುವಿನಲ್ಲಿ ಎಲ್ಲರ ನಂಬಿಕೆಯೂ ಸೇರಿದೆ. ಆದುದರಿಂದಲೇ ಅಲ್ಲಿ ನಡೆಯುವ ಸಣ್ಣ ಅನ್ಯಾಯವೂ ದೊಡ್ಡದಾಗುತ್ತದೆ.

ಈ ಅನ್ಯಾಯಕ್ಕೆ ಆಸ್ಪದ ದೊರೆಯುವುದು ಹೇಗೆ ಎಂಬುದನ್ನು ಸ್ವಲ್ಪ ವಿಚಾರಮಾಡೋಣ. ಊರಿನ ಕಿರಾಣಿ ಅಂಗಡಿಯಲ್ಲಿ ಉದ್ದರಿ ಪುಸ್ತಕವಿರುತ್ತದೆ. ಸಾಮಾನು ಮೊದಲು ಮನೆಗೆ ಬರುತ್ತದೆ. ಹಣ ಆಮೇಲೆ ಹೋಗುತ್ತದೆ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಬರೆದಿದ್ದರೂ ಗ್ರಾಹಕ ಅದನ್ನು ತೋರಿಸಿ, ಸರಿಪಡಿಸಿದ ಮೇಲೆ ಹಣ ಕೊಡುತ್ತಾನೆ. ಹಣ ಕೈಯಲ್ಲಿರುವಷ್ಟು ಹೊತ್ತು ಅವನ ಮಾತಿಗೆ ತೂಕವಿರುತ್ತದೆ. ಮುಂಗಡ ಹಣ ಹಾಕಿಸುವ ಮೊಬೈಲಿನಲ್ಲಿ ಈ ಕ್ರಮ ತಲೆಕೆಳಗಾಗಿದೆ. ನಮ್ಮ ಹಣ ಮೊದಲೇ ಕಂಪನಿಯ ಲೆಕ್ಕದಲ್ಲಿರುತ್ತದೆ. ಅಳೆಯುವವರೂ ಅವರೇ, ಬರೆಯುವವರೂ ಅವರೇ, ಮುರಿದುಕೊಳ್ಳುವವರೂ ಅವರೇ. ತಪ್ಪಾಗಿದೆ ಎಂದು ತೋರಿಸಿ ಬೇಡಿಕೊಳ್ಳುವ ಪಾಡು ಮಾತ್ರ ನಮ್ಮದು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ ಇರಬೇಕು. ಇಷ್ಟು ಅಧಿಕಾರ ಒಂದೇ ಕೈಯಲ್ಲಿರುವಾಗ ಆ ಕೈ ಇತರರಿಗಿಂತ ಹೆಚ್ಚು ಎಚ್ಚರದಿಂದ ನಡೆದುಕೊಳ್ಳಬೇಕು.

ಹೂವಾಡಗಿತ್ತಿಯ ಮೂರು ಧರ್ಮಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು ನೋಡೋಣ. ಮೊದಲನೆಯದು ಬೆಲೆಯನ್ನು ಮುಂಚಿತವಾಗಿ ಹೇಳುವುದು. ಸಂದೇಶಗಳಿಗೆ ರಿಯಾಯಿತಿ ದರವೆಂದು ಹಣ ಪಡೆದ ಕಂಪನಿಗಳು, ದೀಪಾವಳಿ, ಹೊಸ ವರ್ಷ ಮುಂತಾದ ದಿನಗಳಲ್ಲಿ ಆ ರಿಯಾಯಿತಿಯನ್ನು ತಡೆಹಿಡಿದು ಪೂರ್ಣ ದರವನ್ನು ವಸೂಲು ಮಾಡುತ್ತಿದ್ದ ಕಾಲವೊಂದಿತ್ತು. ಶುಭಾಶಯ ಕಳಿಸಬೇಕೆಂಬ ಆಸೆಯಿಂದಲೇ ರಿಯಾಯಿತಿಯನ್ನು ಕೊಂಡವರಿಗೆ, ಶುಭಾಶಯ ಕಳಿಸುವ ದಿನದಂದೇ ಅದು ಇಲ್ಲವಾಗುತ್ತಿತ್ತು. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲವೆ? ಬರೆದಿರುತ್ತಿತ್ತು, ಸಣ್ಣ ಅಕ್ಷರಗಳಲ್ಲಿ, ಯಾರೂ ಓದದ ಮೂಲೆಯಲ್ಲಿ. ಹೇಳುವುದು ಬೇರೆ, ಕೇಳಿಸುವಂತೆ ಹೇಳುವುದು ಬೇರೆ.

ಎರಡನೆಯದು ಒಪ್ಪಿಗೆ. ಹಾಡು, ಹಾಸ್ಯ, ಜ್ಯೋತಿಷ್ಯ, ಕ್ರಿಕೆಟ್ ಪಂದ್ಯದ ಸುದ್ದಿ ಮುಂತಾದ ಹೆಚ್ಚುವರಿ ಸೇವೆಗಳನ್ನು ಕೇಳದವರ ಮೇಲೆ ಹೊರಿಸಿ ಹಣ ಮುರಿದುಕೊಳ್ಳುತ್ತಾರೆಂಬ ದೂರುಗಳು ದೇಶದಾದ್ಯಂತ ಕೇಳಿಬಂದವು. 1997ರ ಕಾಯಿದೆಯ ಮೂಲಕ ಸ್ಥಾಪಿತವಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಈ ದೂರುಗಳನ್ನು ಪರಿಶೀಲಿಸಿತು. ಟ್ರಾಯ್ ಎಂಬುದು ಅದರ ಬಳಕೆಯ ಹೆಸರು. ಗ್ರಾಹಕನ ಸ್ಪಷ್ಟ ಸಮ್ಮತಿಯಿಲ್ಲದೆ ಇಂಥ ಸೇವೆಗೆ ಹಣ ಪಡೆಯಕೂಡದೆಂದು 2011ರ ಜುಲೈಯಲ್ಲಿ ಅದು ನಿರ್ದೇಶನವಿತ್ತಿತು. ಅದೂ ಸಾಲದೆಂದು ಕಂಡುಬಂದಾಗ 2013ರ ಜುಲೈಯಲ್ಲಿ ಎರಡು ಸಲ ಸಮ್ಮತಿ ಪಡೆಯಬೇಕೆಂಬ ನಿಯಮವನ್ನು ವಿಧಿಸಿತು. ಬೇಕೆಂದು ಒಮ್ಮೆ ಹೇಳಿದರೆ ಸಾಲದು; ಇಷ್ಟು ಹಣವಾಗುತ್ತದೆ, ನಿಜವಾಗಿಯೂ ಬೇಕೆ ಎಂದು ಮತ್ತೊಮ್ಮೆ ಕೇಳಬೇಕು. ಬೇಡದ ಸೇವೆಯನ್ನು ನಿಲ್ಲಿಸುವುದಕ್ಕೆಂದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ 155223 ಎಂಬ ಶುಲ್ಕರಹಿತ ಸಂಖ್ಯೆಯನ್ನೂ ಗೊತ್ತುಪಡಿಸಲಾಯಿತು. ನಮ್ಮ ಹೂವಾಡಗಿತ್ತಿಯ ಹಣ ಹೋದದ್ದು ಈ ಕಟ್ಟುಪಾಡುಗಳು ಬರುವ ಮೊದಲು. ಆಕೆಯಂಥ ಅಸಂಖ್ಯಾತ ಜನರ ಗೊಣಗಾಟವೇ ಕೊನೆಗೆ ನಿಯಮವಾಗಿ ರೂಪುಗೊಂಡಿತೆಂದು ಹೇಳಬಹುದು.

ಮೂರನೆಯದು ಅಳತೆ. ತಿಂಗಳಿಗೆಷ್ಟು ದಿನವೆಂದು ಕೇಳಿದರೆ ನೀವು ಮೂವತ್ತು ಅಥವಾ ಮೂವತ್ತೊಂದು ಎನ್ನುತ್ತೀರಿ. ಮೊಬೈಲಿನ ‘ತಿಂಗಳು’ ಮಾತ್ರ ಬಹುಕಾಲ ಇಪ್ಪತ್ತೆಂಟು ದಿನದ್ದಾಗಿಯೇ ಇತ್ತು. ಎರಡು ದಿನದ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಆದರೆ ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿ ನೋಡಿ, 364 ಬರುತ್ತದೆ. ಎಂದರೆ, ವರ್ಷಕ್ಕೆ ಹನ್ನೆರಡು ಸಲ ಹಣ ಕಟ್ಟುತ್ತೇನೆಂದು ತಿಳಿದಿರುವ ಗ್ರಾಹಕ ವಾಸ್ತವವಾಗಿ ಹದಿಮೂರು ಸಲ ಕಟ್ಟುತ್ತಾನೆ. ಒಂದು ಸಲಕ್ಕೆ 200 ರೂಪಾಯಿಯಾದರೆ ವರ್ಷದ ಖರ್ಚು 2400 ಅಲ್ಲ, 2600. ಇಪ್ಪತ್ತೆಂಟು ದಿನವೆಂಬುದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಹದಿಮೂರನೆಯ ಕಂತನ್ನು ಮಾತ್ರ ಯಾರೂ ಎತ್ತಿ ಹೇಳಲಿಲ್ಲ. ಮೊಳದ ಕೋಲನ್ನೇ ಎರಡು ಬೆರಳು ಗಿಡ್ಡ ಮಾಡಿಕೊಂಡು ಮೊಳದ ಬೆಲೆ ಇಷ್ಟೇ ಎಂದಂತಾಯಿತು ಇದು. 2022ರ ಜನವರಿಯಲ್ಲಿ ಟ್ರಾಯ್ ಈ ವಿಷಯವನ್ನು ಎತ್ತಿಕೊಂಡು, ಪ್ರತಿಯೊಂದು ಕಂಪನಿಯೂ ಮೂವತ್ತು ದಿನಗಳ ಯೋಜನೆಗಳನ್ನೂ, ಪ್ರತಿ ತಿಂಗಳ ಅದೇ ತಾರೀಖಿಗೆ ನವೀಕರಿಸಬಹುದಾದ ಯೋಜನೆಗಳನ್ನೂ ಒದಗಿಸಲೇಬೇಕೆಂದು ಆಜ್ಞೆ ಮಾಡಿತು. ಇಪ್ಪತ್ತೆಂಟು ದಿನಗಳ ಯೋಜನೆಗಳು ಇದರಿಂದ ಮಾಯವಾಗಲಿಲ್ಲ. ಆಯ್ಕೆ ಈಗ ಲೆಕ್ಕ ಬಲ್ಲ ಗ್ರಾಹಕನ ಕೈಯಲ್ಲಿದೆ. ಲೆಕ್ಕ ಮಾಡದವನಿಗೆ ಹದಿಮೂರನೆಯ ಕಂತು ತಪ್ಪಿದ್ದಲ್ಲ.

ಕಂಪನಿಗಳ ಕಡೆಯ ವಾದವನ್ನೂ ನಾವು ಕೇಳಬೇಕು. ಎದುರಾಳಿಯ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಗೋಪುರಗಳನ್ನು ನಿಲ್ಲಿಸಲು, ತರಂಗಗುಚ್ಛಗಳನ್ನು ಸರ್ಕಾರದಿಂದ ಹರಾಜಿನಲ್ಲಿ ಕೊಳ್ಳಲು ತಾವು ಅಪಾರ ಬಂಡವಾಳ ಹೂಡಿದ್ದೇವೆ ಎನ್ನುತ್ತಾರೆ ಅವರು. ದರಗಳನ್ನು ಇಷ್ಟು ಅಗ್ಗವಾಗಿ ಕೊಡುತ್ತಿರುವಾಗ ಬೇರೆ ಆದಾಯಗಳೂ ಬೇಕಾಗುತ್ತವೆ ಎನ್ನುತ್ತಾರೆ. ಷರತ್ತುಗಳನ್ನು ಪ್ರಕಟಿಸಿದ್ದೇವೆ, ಓದದಿರುವುದು ಗ್ರಾಹಕನ ಅಜಾಗರೂಕತೆ ಎಂದೂ ಹೇಳುತ್ತಾರೆ. ಮೊದಲಿನ ಮಾತಿನಲ್ಲಿ ಸತ್ಯವಿದೆ. ನಷ್ಟದಲ್ಲಿ ಯಾರೂ ವ್ಯಾಪಾರ ಮಾಡಲಾರರು. ಆದರೆ ಖರ್ಚು ಹೆಚ್ಚಾದರೆ ಬೆಲೆಯನ್ನು ಬಹಿರಂಗವಾಗಿ ಏರಿಸುವುದು ಮರ್ಯಾದೆಯ ದಾರಿ. ಮಲ್ಲಿಗೆ ತುಟ್ಟಿಯಾದ ದಿನ ಹೂವಾಡಗಿತ್ತಿಯೂ ಬೆಲೆ ಏರಿಸುತ್ತಾಳೆ. ಏರಿಸಿದ ಬೆಲೆಯನ್ನು ಬುಟ್ಟಿ ಇಳಿಸುವಾಗಲೇ ಹೇಳುತ್ತಾಳೆ. ಬೇಕಾದವರು ಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ. ಬೆಲೆಯನ್ನು ಕಡಮೆ ಹೇಳಿ ಕರೆದು, ಬೇರೆ ಹೆಸರಿನಲ್ಲಿ ಆ ಕೊರತೆಯನ್ನು ತುಂಬಿಕೊಳ್ಳುವುದು ಆಕೆಗೆ ತಿಳಿಯದು.

ಇನ್ನು ಗ್ರಾಹಕನ ಅಜಾಗರೂಕತೆಯ ಮಾತು. ಷರತ್ತುಗಳು ಪುಟಗಟ್ಟಲೆ ಇರುತ್ತವೆ, ಕಾನೂನಿನ ಭಾಷೆಯಲ್ಲಿರುತ್ತವೆ, ಬಹಳ ಸಲ ಓದುವವನದಲ್ಲದ ಭಾಷೆಯಲ್ಲಿರುತ್ತವೆ. ಜಾಹೀರಾತಿನ ‘ಉಚಿತ’ ಎಂಬ ಪದ ಬೀದಿಯ ಆಚೆಯಿಂದಲೂ ಕಾಣುವಷ್ಟು ದಪ್ಪ. ಅದರ ಕೆಳಗಿನ ‘ಷರತ್ತುಗಳು ಅನ್ವಯ’ ಎಂಬುದು ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ. ಹಣ ತರುವ ಮಾತನ್ನು ದೊಡ್ಡದಾಗಿಯೂ, ಹಣ ಕಡಿಯುವ ಮಾತನ್ನು ಸಣ್ಣದಾಗಿಯೂ ಬರೆಯುವವರು ಓದದವನನ್ನು ದೂರುವುದು ಎಷ್ಟರ ಮಟ್ಟಿಗೆ ಸರಿ? ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಮದುವೆಯ ಮಾತುಕತೆಗೆ ಒಪ್ಪಬಹುದೇನೋ. ಪರರ ಹಣ ಮುಟ್ಟುವುದಕ್ಕೆ ಒಪ್ಪಲಾರದು. ಬೇಡವೆನ್ನದಿರುವುದು ಬೇಕೆಂದಂತೆ ಆಗುವುದಿಲ್ಲ. ಹಣ ಪಡೆಯುವವನೇ ಒಪ್ಪಿಗೆಯನ್ನು ತೋರಿಸಬೇಕು. ಒಪ್ಪಿಲ್ಲವೆಂದು ತೋರಿಸುವ ಹೊಣೆ ಹಣ ಕಳೆದುಕೊಂಡವನ ಮೇಲೆ ಬೀಳಬಾರದು. ಈ ಪ್ರಬಂಧದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಸಣ್ಣ ಮೊತ್ತದ ಮಾತು ಹೀಗಾದರೆ ದೊಡ್ಡ ಮೊತ್ತದ ಕಥೆಯೂ ಒಂದಿದೆ. ಅಹಮದಾಬಾದಿನ ಗ್ರಾಹಕರೊಬ್ಬರಿಗೆ ಪ್ರತಿ ತಿಂಗಳು ಬರುತ್ತಿದ್ದ ಮೊಬೈಲ್ ಬಿಲ್ಲು ಸರಾಸರಿ 555 ರೂಪಾಯಿ. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಅವಧಿಗೆ ಇದ್ದಕ್ಕಿದ್ದಂತೆ 24,609 ರೂಪಾಯಿ 51 ಪೈಸೆಯ ಬಿಲ್ಲು ಬಂದಿತೆಂದು ಅವರು ಜಿಲ್ಲಾ ಗ್ರಾಹಕ ವೇದಿಕೆಗೆ ದೂರಿತ್ತರು. ಇಂಥ ದೂರನ್ನು ವಿಚಾರಿಸುವ ಅಧಿಕಾರವೇ ಗ್ರಾಹಕ ವೇದಿಕೆಗೆ ಇಲ್ಲವೆಂದು ಕಂಪನಿಯವರು ವಾದಿಸಿದರು. ಅದಕ್ಕೊಂದು ಆಧಾರವೂ ಇತ್ತು. 1885ರ ಭಾರತೀಯ ತಂತಿ ಕಾಯಿದೆಯಲ್ಲಿ ಬಿಲ್ಲಿನ ವಿವಾದಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ಏರ್ಪಾಡು ಇದ್ದುದರಿಂದ, ಅಂಥವು ಗ್ರಾಹಕ ವೇದಿಕೆಗೆ ಬರಲಾರವೆಂದು 2009ರ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತ್ತು. ವಾದ ಮೆಟ್ಟಿಲು ಮೆಟ್ಟಿಲಾಗಿ ಏರಿ ಮತ್ತೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2022ರ ಫೆಬ್ರವರಿ 16ರಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ದೂರಸಂಪರ್ಕವೂ ಒಂದು ಸೇವೆ, ಅದರ ಗ್ರಾಹಕನು ಗ್ರಾಹಕ ವೇದಿಕೆಯ ಮೊರೆಹೋಗಬಹುದು, ಹಳೆಯ ಕಾಯಿದೆ ಆ ಬಾಗಿಲನ್ನು ಮುಚ್ಚಲಾರದು.

ಆ ಬಿಲ್ಲು ಸರಿಯೋ ತಪ್ಪೋ ಎಂಬುದನ್ನು ಈ ತೀರ್ಪು ನಿರ್ಣಯಿಸಲಿಲ್ಲ. ದೂರನ್ನು ಎಲ್ಲಿ ಹೇಳಿಕೊಳ್ಳಬಹುದು ಎಂಬುದು ಇತ್ಯರ್ಥವಾಗುವುದಕ್ಕೇ ಎಂಟು ವರ್ಷಗಳು ಹಿಡಿದವು. ಇದನ್ನು ನೆನೆದರೆ ವ್ಯಸನವಾಗುತ್ತದೆ. ಆದರೆ ಒಬ್ಬ ಗ್ರಾಹಕ ಬೇಸತ್ತು ಕೈಚೆಲ್ಲದೆ ನಿಂತುದರಿಂದ ದೇಶದ ಎಲ್ಲ ಗ್ರಾಹಕರಿಗೂ ಆ ಬಾಗಿಲು ತೆರೆಯಿತು ಎಂಬುದನ್ನು ನೆನೆದರೆ ಧೈರ್ಯವೂ ಬರುತ್ತದೆ.

ಇಲ್ಲಿಯವರೆಗೆ ಹಿರಿಯರ ಮಾತಾಯಿತು. ಇದರಲ್ಲಿ ವಿದ್ಯಾರ್ಥಿಗಳಾದ ನಿಮ್ಮ ಪಾತ್ರವೇನು ಎಂದು ನೀವು ಕೇಳಬಹುದು. ಅನೇಕ ಮನೆಗಳಲ್ಲಿ ಅಜ್ಜ, ಅಜ್ಜಿ, ತಂದೆತಾಯಿಯರ ಮೊಬೈಲಿಗೆ ಬರುವ ಸಂದೇಶಗಳನ್ನು ಓದಬಲ್ಲವರು ನೀವೊಬ್ಬರೇ. ಹಿಂದೆ ಊರಿಗೆ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದ ಶಾಲೆಯ ಹುಡುಗನಿಗೆ ಮನೆಮನೆಯಲ್ಲೂ ಗೌರವವಿತ್ತು. ಆ ಕೆಲಸ ಇಂದು ನಿಮ್ಮ ಪಾಲಿಗೆ ಬಂದಿದೆ. ಅಜ್ಜಿಯ ಮೊಬೈಲಿನಲ್ಲಿ ಹಣ ಕಡಿದ ಸಂದೇಶವೊಂದನ್ನು ಓದಿ, ಏತಕ್ಕಾಗಿ ಕಡಿದರೆಂದು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳುವುದು ನಿಮ್ಮ ಓದಿನ ಒಂದು ಸಾರ್ಥಕ ಉಪಯೋಗ.

ಹಣ ಹಾಕಿಸುವ ಮೊದಲು ಎಷ್ಟು ದಿನಕ್ಕೆ, ಏನೇನಕ್ಕೆ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅಂತರ್ಜಾಲವನ್ನು ಎಂದೂ ಬಳಸದ ಹಿರಿಯರು ಅದರ ಬೆಲೆಯೂ ಸೇರಿದ ಯೋಜನೆಗಳನ್ನೇ ಕೊಳ್ಳಬೇಕಾದ ಪರಿಸ್ಥಿತಿ ಕೆಲವು ವರ್ಷಗಳಿಂದ ಉಂಟಾಗಿತ್ತು. ಕರೆ ಮತ್ತು ಸಂದೇಶಗಳಿಗೆ ಮಾತ್ರ ಸೀಮಿತವಾದ ಯೋಜನೆಯೊಂದನ್ನಾದರೂ ಪ್ರತಿಯೊಂದು ಕಂಪನಿಯೂ ಒದಗಿಸಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿದೆ. ಅಂಗಡಿಯವನು ತಾನಾಗಿ ಅದನ್ನು ತೋರಿಸದಿದ್ದರೆ ನೀವು ಕೇಳಬೇಕು. ಲೆಕ್ಕದಲ್ಲಿ ಸಂಶಯ ಬಂದರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ತಿಳಿಸಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ತಾರೀಖಿನೊಡನೆ ಬರೆದಿಟ್ಟುಕೊಳ್ಳಬೇಕು. ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವ ಸಂಸ್ಥೆಯಲ್ಲ. ಅದು ನಿಯಮಗಳನ್ನು ಮಾಡುವ ಸಂಸ್ಥೆ. ಸಲಹೆಗಾಗಿ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಕೊನೆಯದಾಗಿ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿ ವಕೀಲರಿಲ್ಲದೆಯೂ ಗ್ರಾಹಕನು ತನ್ನ ದೂರನ್ನು ತಾನೇ ಮಂಡಿಸಬಹುದು.

ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 1986ರ ಡಿಸೆಂಬರ್ 24ರಂದು. ಅದರ ನೆನಪಿಗಾಗಿಯೇ ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತಾರೆ. ಆ ಕಾಯಿದೆಯ ಸ್ಥಾನದಲ್ಲಿ ಇಂದು 2019ರ ಕಾಯಿದೆಯಿದೆ. ಸೇವೆಗಳ ಪಟ್ಟಿಯಲ್ಲಿ ದೂರಸಂಪರ್ಕವನ್ನು ಅದು ಹೆಸರಿಟ್ಟೇ ಸೇರಿಸಿದೆ. ಹಕ್ಕು ಕಾಗದದ ಮೇಲೆ ಇದ್ದರೆ ಅರ್ಧ ಕೆಲಸವಾದಂತೆ. ಉಳಿದರ್ಧವನ್ನು ಕೇಳುವ ನಾಲಿಗೆ, ಬರೆಯುವ ಕೈ ಮಾಡಬೇಕು. ಕೋಪಗೊಂಡು ಸೇವಾಕೇಂದ್ರದ ತರುಣನನ್ನು ಬಯ್ಯುವುದರಿಂದ ಪ್ರಯೋಜನವಿಲ್ಲ. ನಿಯಮ ಮಾಡಿದವನು ಅವನಲ್ಲ. ಅವನೂ ತಿಂಗಳ ಸಂಬಳಕ್ಕೆ ದುಡಿಯುವವನು. ತಾರೀಖು, ಮೊತ್ತ, ಕಾರಣ, ಇವಿಷ್ಟನ್ನು ಸ್ಪಷ್ಟವಾಗಿ ಬರೆದ ಒಂದು ಕಾಗದ ಹತ್ತು ಕೂಗಾಟಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕಂಪನಿಗಳಿಗೂ ಒಂದು ಮಾತು ಹೇಳಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಮ್ಮ ಹಿರಿಯರ ಅನುಭವ. 30 ರೂಪಾಯಿ ಅಡಿಕೆಯಷ್ಟು ಸಣ್ಣದು. ಅದಕ್ಕಾಗಿ ಕಳೆದುಕೊಂಡ ನಂಬಿಕೆಯನ್ನು ಮರಳಿ ಪಡೆಯಲು ಎಷ್ಟು ಜಾಹೀರಾತುಗಳೂ ಸಾಲವು. 2011ರ ಜನವರಿಯಿಂದ ನಮ್ಮ ದೇಶದಾದ್ಯಂತ ಗ್ರಾಹಕರು ತಮ್ಮ ಸಂಖ್ಯೆಯನ್ನು ಬದಲಿಸದೆಯೇ ಕಂಪನಿಯನ್ನು ಬದಲಿಸುವ ಅನುಕೂಲ ಬಂದಿದೆ. ಮೋಸಹೋದವನು ಬಾಯಿಬಿಟ್ಟು ಹೇಳದಿರಬಹುದು, ಎದ್ದು ಹೋಗಬಲ್ಲ.

ಅಂದು ಸಂಜೆ ಮೊಬೈಲನ್ನು ಹಿಂತಿರುಗಿಸುತ್ತ, ಹಾಡನ್ನು ನಿಲ್ಲಿಸಿದ್ದಾರೆ, ಹೋದ ಹಣ ಮಾತ್ರ ಬರುವುದಿಲ್ಲವಂತೆ ಎಂದು ಹೂವಾಡಗಿತ್ತಿಗೆ ತಿಳಿಸಿದೆ. ಆಕೆ ಕೂಗಾಡಲಿಲ್ಲ. ಮೊಬೈಲನ್ನು ಸೆರಗಿನ ಗಂಟಿಗೆ ಸೇರಿಸಿ, ಬುಟ್ಟಿಯ ಒದ್ದೆ ಬಟ್ಟೆಯನ್ನು ಸರಿಸಿದಳು. ಎಂದಿನಂತೆ ಬೆಲೆ ಹೇಳಿದಳು, ಎಂದಿನಂತೆ ಮೊಳ ಹಾಕಿದಳು, ಎಂದಿನಂತೆ ನಾಲ್ಕು ಬೆರಳಿನಷ್ಟು ಹೆಚ್ಚಾಗಿ ಬಿಟ್ಟು ಕತ್ತರಿಸಿದಳು. “ಇವತ್ತು ಕೊಸರು ಬೇಡಮ್ಮ, ನಿನಗೇ ನಷ್ಟವಾಗಿದೆ” ಎಂದೆ.

“ಇದು ನಾನಾಗಿ ಕೊಡುವುದು ಮೇಷ್ಟ್ರೇ, ಇದರಲ್ಲಿ ನಷ್ಟ ಏನು ಬಂತು?” ಎಂದಳು ಆಕೆ. ಬುಟ್ಟಿಯನ್ನು ತಲೆಯ ಮೇಲೇರಿಸಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. “ಆ ಹಾಡಿನವರೂ ಒಂದು ಮಾತು ಕೇಳಬಹುದಾಗಿತ್ತು. ಕೇಳಿದ್ದರೆ, ಮಗಳು ಫೋನ್ ಮಾಡಿದಾಗ ಅವಳಿಗಾದರೂ ಕೇಳಿಸಲಿ ಅಂತ ನಾನೇ ಕೊಡುತ್ತಿದ್ದೆನೋ ಏನೋ.”